ಅಂಗೈಯಗಲದ ಅರಿವಳಿಕೆ

(ವಾಮದಪದವಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪೂರ್ಣಪಾಠ)



ಹೃದ್ರೋಗದ ವಿಷಯವಾಗಿ ಜನಸಾಮಾನ್ಯರಿಗೆ ಉಪಯೋಗವಾಗುವಂತಹ ಉಪನ್ಯಾಸವೊಂದನ್ನು ಮಾಡಬೇಕೆಂದು ದತ್ತಿಯ ಸಂಚಾಲಕರು ಅಪ್ಪಣೆ ಕೊಡಿಸಿದಾಗ, ವಿಷಯದ ವಿಸ್ತಾರವನ್ನು ನೆನೆದು, ಅದರೊಳಗಿನ ಅತ್ಯಂತ ಚಿಕ್ಕದಾದ ಒಂದು ಭಾಗವನ್ನು ನಾನು ಆರಿಸಿಕೊಂಡೆನು. ಹೃದಯದ ಬಡಿತವು ತೀರ ನಿಧಾನವಾದವರಿಗೆ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಎಂಬ ಯಂತ್ರವನ್ನು ಇಡುತ್ತಾರೆಂಬುದನ್ನು ನೀವೆಲ್ಲರೂ ಕೇಳಿರುವಿರಿ; ಆ ಯಂತ್ರವನ್ನು ಇಡುವುದಕ್ಕೆ ಮುಂಚೆ, ಶಸ್ತ್ರವು ಚರ್ಮವನ್ನು ಸೋಕುವುದಕ್ಕೂ ಮುಂಚೆ, ಒಂದು ಸಣ್ಣ ಸೂಜಿಯಿಂದ ಅಂಗೈಯಗಲದಷ್ಟು ಜಾಗವನ್ನು ಮರಗಟ್ಟಿಸುವ ಕೆಲವೇ ನಿಮಿಷಗಳ ಕ್ರಿಯೆಯೊಂದುಂಟು. ಇಂದಿನ ನನ್ನ ಮಾತೆಲ್ಲ ಆ ಕೆಲವು ನಿಮಿಷಗಳನ್ನು ಕುರಿತದ್ದು. ಪೇಸ್‌ಮೇಕರಿನ ಚರಿತ್ರೆಯನ್ನು ಬರೆದವರು ಯಂತ್ರವನ್ನು ಕೊಂಡಾಡಿದ್ದಾರೆ, ಅದನ್ನು ರಚಿಸಿದವರನ್ನೂ ಇಟ್ಟವರನ್ನೂ ಕೊಂಡಾಡಿದ್ದಾರೆ. ಸೂಜಿಯ ಮಾತನ್ನು ಮಾತ್ರ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಆ ಸೂಜಿಯಿಲ್ಲದೆ ಹೋಗಿದ್ದರೆ ಆ ಯಂತ್ರವು ನಮ್ಮ ಊರಿನ ಎಂಬತ್ತು ದಾಟಿದ ಅಜ್ಜಿಯವರೆಗೆ ಎಂದಿಗೂ ಬಂದು ಮುಟ್ಟುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸೀಮೆಯ ನೆಲದ ರಚನೆ ನಿಮಗೆ ತಿಳಿದೇ ಇದೆ. ಮೇಲೆ ಮುರಕಲ್ಲಿನ ಪದವು, ಕೆಳಗೆ ತಂಪಾದ ಅಡಿಕೆ ತೋಟ, ನಡುವೆ ಏರಿ ಇಳಿಯುವ ಮೆಟ್ಟಿಲುಗಳು. ತೋಟದಿಂದ ಮನೆಯಂಗಳಕ್ಕೆ ಏರಿ ಬರುತ್ತಿರುವ ಹಿರಿಯರೊಬ್ಬರು ನಡುವೆ ನಿಂತು, ಕಣ್ಣು ಕತ್ತಲೆ ಬಂತೆಂದು ಹೇಳಿ ಅಲ್ಲಿಯೇ ಕುಳಿತುಬಿಡುವುದುಂಟು. ಮನೆಯವರು ಅದನ್ನು ಪಿತ್ತವೆಂದೋ, ಬಿಸಿಲಿನ ಝಳವೆಂದೋ, ವಯಸ್ಸಿನ ನಿಶ್ಶಕ್ತಿಯೆಂದೋ ತಿಳಿದು, ಒಂದು ಲೋಟ ಪುನರ್ಪುಳಿ ಶರಬತ್ತನ್ನು ಕೊಟ್ಟು ಮಲಗಿಸುವುದುಂಟು. ಸ್ವಲ್ಪ ಹೊತ್ತಿನಲ್ಲಿ ಎದ್ದು ಕುಳಿತು ಕವಳ ಹಾಕಿಕೊಂಡರೆಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಎಂದೋ ಒಂದು ದಿನ ಬಚ್ಚಲುಮನೆಯಲ್ಲಿ ಬಿದ್ದು ಹಣೆ ಒಡೆದಾಗ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಹಣೆಗೆ ಹೊಲಿಗೆ ಹಾಕುವ ವೈದ್ಯರು ನಾಡಿಯನ್ನು ಹಿಡಿದು ನೋಡಿ, ನಿಮಿಷಕ್ಕೆ 35 ಮಾತ್ರ ಇರುವುದನ್ನು ಕಂಡು, ಇಸಿಜಿ ತೆಗೆಸಿ, ಹೃದಯದ ಒಳಗಿನ ವಿದ್ಯುತ್ತಿನ ಮಾರ್ಗವೇ ಕಡಿದುಹೋಗಿದೆಯೆಂದು ತಿಳಿಸುತ್ತಾರೆ. ಆಗ ಮನೆಯಲ್ಲಿ ಹುಟ್ಟುವ ಭಯವು ರೋಗದ ಭಯಕ್ಕಿಂತ ಹೆಚ್ಚಾಗಿ ಚಿಕಿತ್ಸೆಯ ಭಯ. ಎದೆ ಕೊಯ್ಯುತ್ತಾರಂತೆ, ಪ್ರಜ್ಞೆ ತಪ್ಪಿಸುತ್ತಾರಂತೆ, ಈ ವಯಸ್ಸಿನಲ್ಲಿ ಮತ್ತೆ ಎಚ್ಚರವಾಗುವುದುಂಟೇ ಎಂದು ಹಿರಿಯರೂ ಕಿರಿಯರೂ ಸೇರಿ ತೀರ್ಮಾನಿಸಿ, ರೋಗಿಯನ್ನು ಮನೆಗೆ ವಾಪಸು ಕರೆತಂದ ಸಂದರ್ಭಗಳನ್ನು ನಾನು ಬಲ್ಲೆ. ಈ ಭಯವನ್ನು ಅಜ್ಞಾನವೆಂದು ಕರೆದು ಪಕ್ಕಕ್ಕೆ ತಳ್ಳುವುದು ಸುಲಭ; ಆದರೆ ಒಂದು ಕಾಲದಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಪ್ರೇರಣೆಯು ನಡುವಿನ ಒಂದು ಪುಟ್ಟ ಗಂಟನ್ನು ಹಾದು ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ನಡುವಿನ ಗಂಟನ್ನು ಜಪಾನಿನ ಸುನಾವೊ ತವಾರರು 1906ರಲ್ಲಿಯೂ, ಮೇಲಿನ ಉಗಮಸ್ಥಾನವನ್ನು ಬ್ರಿಟನ್ನಿನ ಕೀತ್ ಮತ್ತು ಫ್ಲಾಕ್ ಎಂಬವರು 1907ರಲ್ಲಿಯೂ ವರ್ಣಿಸಿದರು. ನಡುದಾರಿ ಪೂರ್ತಿಯಾಗಿ ಕಡಿದಾಗ ಕೆಳಗಿನ ಕೋಣೆಗಳು ಸುಮ್ಮನಾಗಿಬಿಡುವುದಿಲ್ಲ; ತಮ್ಮಷ್ಟಕ್ಕೆ ತಾವೇ ನಿಮಿಷಕ್ಕೆ 30ರಿಂದ 40 ಬಾರಿ ಬಡಿಯುತ್ತ ಪ್ರಾಣವನ್ನು ಹಿಡಿದಿಟ್ಟುಕೊಂಡಿರುತ್ತವೆ. ಈ ಆಪತ್ಕಾಲದ ಬಡಿತವನ್ನು ತಾವು ನೆನಪಿನಲ್ಲಿಡಬೇಕು. ಸೂಜಿಯ ಮಾತು ಬಂದಾಗ ಅದರ ಪ್ರಸ್ತಾಪವು ಮತ್ತೆ ಬರುವುದು.

1958ನೆಯ ಇಸವಿ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮಿಗೆ ತಾಗಿಕೊಂಡಿರುವ ಸೋಲ್ನಾದ ಕರೊಲಿನ್ಸ್ಕಾ ಆಸ್ಪತ್ರೆಯಲ್ಲಿ, ರೂನೆ ಎಲ್ಮ್‌ಕ್ವಿಸ್ಟ್ ಎಂಬ ತಂತ್ರಜ್ಞರು ರಚಿಸಿದ ಪೇಸ್‌ಮೇಕರನ್ನು ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯರು ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಯ ದೇಹದೊಳಗೆ ಇಟ್ಟರು. ಒಂದೇ ದಿನದಲ್ಲಿ ಹಲವು ಬಾರಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದ ಗಂಡನನ್ನು ಉಳಿಸಿಕೊಳ್ಳಲೇಬೇಕೆಂದು ಪಟ್ಟುಹಿಡಿದು, ಆ ಇಬ್ಬರನ್ನೂ ಮತ್ತೆ ಮತ್ತೆ ಕಂಡು ಒಪ್ಪಿಸಿದವರು ಲಾರ್ಸನ್ನರ ಪತ್ನಿ. ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚನ್ನಾಗಿ ಮಾಡಿಕೊಂಡು ರಾಳದಲ್ಲಿ ಎರಕ ಹೊಯ್ದಿದ್ದ ಮೊದಲನೆಯ ಯಂತ್ರವು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಅದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಯಿತು. ಮುಂದೆ ಯಂತ್ರದ ಮೇಲೆ ಯಂತ್ರವನ್ನು ಬದಲಾಯಿಸಿಕೊಳ್ಳುತ್ತ ಲಾರ್ಸನ್ನರು 2001ರವರೆಗೆ, ಯಂತ್ರವನ್ನು ರಚಿಸಿದವರೂ ಇಟ್ಟವರೂ ತೀರಿಹೋದ ಮೇಲೆಯೂ, ಬದುಕಿದ್ದರು. ಈ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಆ ದಿನ ಎದೆಗೂಡನ್ನೇ ತೆರೆಯಬೇಕಾಯಿತು. ತಂತಿಗಳನ್ನು ಹೃದಯದ ಮಾಂಸಕ್ಕೆ ಹೊಲಿಯಬೇಕಾಯಿತು. ಅದಕ್ಕಾಗಿ ರೋಗಿಯ ಪ್ರಜ್ಞೆಯನ್ನು ಸಂಪೂರ್ಣವಾಗಿ ತಪ್ಪಿಸಬೇಕಾಯಿತು. ಪ್ರಜ್ಞೆ ತಪ್ಪಿಸುವ ಔಷಧಗಳಲ್ಲಿ ಬಹುಪಾಲು ರಕ್ತದೊತ್ತಡವನ್ನು ಇಳಿಸುವಂಥವು, ಮೊದಲೇ ಬಳಲಿದ ಹೃದಯವನ್ನು ಇನ್ನಷ್ಟು ಬಳಲಿಸುವಂಥವು. ನಲವತ್ತಮೂರು ವರ್ಷದ ದೇಹವು ಅದನ್ನು ತಾಳಿಕೊಂಡಿತು. ಆದರೆ ಹೃದಯದ ಮಾರ್ಗ ಕಡಿಯುವ ಈ ರೋಗವು ವಿಶೇಷವಾಗಿ ವೃದ್ಧರನ್ನೇ ಹುಡುಕಿಕೊಂಡು ಬರುವಂಥದು. ಯಾರಿಗೆ ಯಂತ್ರವು ಅವಶ್ಯವೋ ಅವರೇ ಅದನ್ನು ಇಡಿಸಿಕೊಳ್ಳಲು ಅಶಕ್ತರಾಗಿದ್ದರು. ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿರುವ ಭಯವು ಆ ಕಾಲದ ಸತ್ಯ.

ನೋವನ್ನು ಮಾತ್ರ ಕಳೆದು ಪ್ರಜ್ಞೆಯನ್ನು ಉಳಿಸುವ ವಿದ್ಯೆಯು ಹೇಗೆ ಬಂತೆಂಬುದನ್ನು ಈಗ ನೋಡೋಣ. ನಮ್ಮ ಸುಶ್ರುತ ಸಂಹಿತೆಯಲ್ಲಿ, ಮದ್ಯದ ಅಭ್ಯಾಸವುಳ್ಳ ರೋಗಿಗೆ ಶಸ್ತ್ರಕ್ಕೆ ಮುಂಚೆ ತೀಕ್ಷ್ಣವಾದ ಮದ್ಯವನ್ನು ಕುಡಿಸತಕ್ಕದ್ದೆಂಬ ವಿಧಿಯಿದೆ. ನೋವನ್ನು ಕಳೆಯುವುದಕ್ಕೆ ಮನಸ್ಸನ್ನೇ ಮಂಕುಗೊಳಿಸುವುದೊಂದೇ ದಾರಿಯೆಂಬ ಭಾವನೆ ಪ್ರಪಂಚದ ಅನೇಕ ವೈದ್ಯಪದ್ಧತಿಗಳಲ್ಲಿ ಸಾವಿರಾರು ವರ್ಷ ನಡೆದುಬಂತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯರು ಕೋಕಾ ಎಲೆಯಿಂದ ತೆಗೆದ ಕೊಕೇನಿನ ದ್ರಾವಣವನ್ನು ಮೊದಲು ಪ್ರಾಣಿಗಳ ಕಣ್ಣಿಗೂ ಅನಂತರ ತಮ್ಮ ಸ್ವಂತ ಕಣ್ಣಿಗೂ ಬಿಟ್ಟುಕೊಂಡು, ಕಣ್ಣುಗುಡ್ಡೆಯನ್ನು ಗುಂಡುಸೂಜಿಯ ತಲೆಯಿಂದ ಮುಟ್ಟಿ, ಏನೂ ತಿಳಿಯಲಿಲ್ಲವೆಂದು ಕಂಡುಕೊಂಡರು. ಆ ಸೆಪ್ಟೆಂಬರಿನಲ್ಲಿ ಹೈಡಲ್‌ಬರ್ಗಿನಲ್ಲಿ ನಡೆದ ನೇತ್ರವೈದ್ಯರ ಸಮ್ಮೇಳನಕ್ಕೆ ಹೋಗಿಬರಲು ಅವರಲ್ಲಿ ಹಣವಿರಲಿಲ್ಲವಾದುದರಿಂದ, ಅವರ ಲೇಖನವನ್ನು ಬೇರೊಬ್ಬ ವೈದ್ಯರು ಓದಿದರು. ಎಚ್ಚರವಾಗಿಯೇ ಇರುವ ಮನುಷ್ಯನಿಗೆ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂಬ ಸುದ್ದಿಯು ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಕೊಕೇನ್ ಚಟವಾಗಿ ಅಂಟಿಕೊಳ್ಳುವ ವಿಷವೆಂಬುದು ಬೇಗನೆ ಗೊತ್ತಾಯಿತು. ಅಮೆರಿಕದ ಮಹಾಶಸ್ತ್ರವೈದ್ಯ ಹಾಲ್‌ಸ್ಟೆಡ್ಡರು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಅದಕ್ಕೆ ದಾಸರಾದರು. ಅದರ ಬದಲಿಗೆ ಜರ್ಮನಿಯ ಐನ್‌ಹಾರ್ನರು ಕಂಡುಹಿಡಿದ ಪ್ರೊಕೇನ್ ನಿರಪಾಯಕರವಾಗಿದ್ದರೂ ದುರ್ಬಲವಾಗಿತ್ತು.

ಮುಂದಿನ ಹೆಜ್ಜೆಯು ಸ್ಟಾಕ್‌ಹೋಮಿನದು. ಬಾರ್ಲಿ ಪೈರಿನ ಒಂದು ಕ್ಷಾರವಸ್ತುವನ್ನು ಪರಿಶೋಧಿಸುತ್ತಿದ್ದ ಹೋಲ್ಗರ್ ಅರ್ಡ್‌ಮನ್ ಎಂಬ ರಸಾಯನಶಾಸ್ತ್ರಜ್ಞರು, ಅದಕ್ಕೆ ಸೋದರನಂತಿದ್ದ ಇನ್ನೊಂದು ವಸ್ತುವನ್ನು ತಯಾರಿಸಿ, ಆ ಕಾಲದ ರಸಾಯನಶಾಸ್ತ್ರಜ್ಞರ ಪದ್ಧತಿಯಂತೆ ನಾಲಗೆಯ ಮೇಲಿಟ್ಟು ರುಚಿ ನೋಡಲು, ನಾಲಗೆಯು ಮರಗಟ್ಟಿತು. ಆ ಸುಳಿವನ್ನು ಹಿಡಿದು ಹೊರಟ ನಿಲ್ಸ್ ಲೋಫ್‌ಗ್ರೆನ್ನರು ಎಷ್ಟೋ ವಸ್ತುಗಳನ್ನು ಮಾಡಿ ಬಿಟ್ಟು, 1943ರಲ್ಲಿ ಲಿಗ್ನೊಕೇನನ್ನು ಪಡೆದರು. ಅವರ ಶಿಷ್ಯರಾದ ಬೆಂಗ್ಟ್ ಲುಂಡ್‌ಕ್ವಿಸ್ಟರು ಅದನ್ನು ತಮ್ಮ ದೇಹಕ್ಕೇ ಚುಚ್ಚಿಕೊಂಡು ಪರೀಕ್ಷಿಸಿದರು. 1948ರಲ್ಲಿ ಕ್ಸೈಲೊಕೇನ್ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚೆ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ ನೋಡಿದವರು ಕರೊಲಿನ್ಸ್ಕಾ ಆಸ್ಪತ್ರೆಯ ಟೋರ್ಸ್ಟೆನ್ ಗೋರ್ಡ್ ಎಂಬ ಅರಿವಳಿಕೆ ತಜ್ಞರು. ಹತ್ತು ವರ್ಷದ ಅನಂತರ ಲಾರ್ಸನ್ನರ ಎದೆಯನ್ನು ತೆರೆದ ಆಸ್ಪತ್ರೆಯೂ ಅದೇ. ನೋವನ್ನು ಕಳೆಯುವ ಔಷಧವೂ ಹೃದಯವನ್ನು ನಡೆಸುವ ಯಂತ್ರವೂ ಒಂದೇ ಸೂರಿನ ಕೆಳಗೆ ಇದ್ದಾಗ್ಯೂ, ಆ ದಿನ ಅವೆರಡೂ ಕೂಡಲಿಲ್ಲ. ಏಕೆಂದರೆ ತೆರೆದ ಎದೆಯನ್ನು ಚರ್ಮದ ಸೂಜಿಯು ಕಾಪಾಡಲಾರದು. ಹೃದಯಕ್ಕೆ ಬೇರೊಂದು ದಾರಿ ಬೇಕಾಗಿತ್ತು.

ಆ ದಾರಿಯನ್ನು 1929ರಲ್ಲಿಯೇ ಒಬ್ಬರು ತೋರಿಸಿಕೊಟ್ಟಿದ್ದರು. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯರು, ಮೇಲಧಿಕಾರಿಯು ಬೇಡವೆಂದಿದ್ದರೂ, ತಮ್ಮ ಎಡಮೊಣಕೈಯ ಬಳಿಯ ಚರ್ಮವನ್ನು ಮರಗಟ್ಟಿಸಿಕೊಂಡು, ಅಲ್ಲಿನ ರಕ್ತನಾಳವನ್ನು ತೆರೆದು, 65 ಸೆಂಟಿಮೀಟರಿನಷ್ಟು ಕೊಳವೆಯನ್ನು ಒಳಗೆ ತಳ್ಳಿಕೊಂಡು, ಮೆಟ್ಟಿಲಿಳಿದು ಎಕ್ಸರೇ ಕೋಣೆಗೆ ನಡೆದುಹೋಗಿ, ಅದರ ತುದಿಯು ತಮ್ಮ ಹೃದಯದೊಳಗೆ ಇರುವುದನ್ನು ಚಿತ್ರದಲ್ಲಿ ತೋರಿಸಿದರು. ಒಳಗೆ ಕೊಳವೆಯು ಸಾಗುವಾಗ ಅವರಿಗೆ ನೋವಾಗಲಿಲ್ಲ. ಚರ್ಮದಲ್ಲಿ ನೋವಿನ ನರತುದಿಗಳು ದಟ್ಟವಾಗಿವೆ. ರಕ್ತನಾಳದ ಒಳಮೈಯೂ ಹೃದಯದ ಒಳಮೈಯೂ ಮುಟ್ಟಿದರೆ ನೋಯುವಂಥವಲ್ಲ. ನಾವು ಅತ್ಯಂತ ಮೃದುವೆಂದು ಭಾವಿಸುವ ಹೃದಯಕ್ಕೆ ತಂತಿಯು ತಾಗಿದುದು ತಿಳಿಯುವುದಿಲ್ಲ. ಅದರ ಮೇಲೆ ಹೊದಿಸಿರುವ ಚರ್ಮಕ್ಕೆ ಸೂಜಿಯ ಮೊನೆಯೂ ತಿಳಿಯುತ್ತದೆ. ಈ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ವಿಚಿತ್ರದ ಮೇಲೆ. ಫೋರ್ಸ್‌ಮನ್ನರಿಗೆ 1956ರಲ್ಲಿ ಇತರ ಇಬ್ಬರೊಂದಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಲಾರ್ಸನ್ನರ ಶಸ್ತ್ರಚಿಕಿತ್ಸೆ ನಡೆದ 1958ರಲ್ಲಿಯೇ ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯ ಸೀಮೋರ್ ಫರ್ಮನ್ನರು ರಕ್ತನಾಳದ ಮೂಲಕ ತಂತಿಯನ್ನು ಹೃದಯದ ಬಲಭಾಗಕ್ಕೆ ಇಳಿಸಿ, ಹೊರಗಿನ ದೊಡ್ಡ ಯಂತ್ರದ ಸಹಾಯದಿಂದ ವೃದ್ಧರೊಬ್ಬರ ಹೃದಯವನ್ನು 96 ದಿನ ನಡೆಸಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಸ್ಟಾಕ್‌ಹೋಮಿನವರೂ ಅಮೆರಿಕದವರೂ ಈ ದಾರಿಯನ್ನೂ ದೇಹದೊಳಗಿನ ಯಂತ್ರವನ್ನೂ ಒಂದುಗೂಡಿಸಿದರು. ಎದೆಯನ್ನು ತೆರೆಯುವ ಅವಶ್ಯಕತೆ ಅಂದಿಗೆ ತಪ್ಪಿತು. ಪ್ರಜ್ಞೆ ತಪ್ಪಿಸುವ ಅವಶ್ಯಕತೆಯೂ ತಪ್ಪಿತು. ಅಂಗೈಯಗಲದ ಚರ್ಮವನ್ನು ಮರಗಟ್ಟಿಸಿದರೆ ಸಾಕಾಯಿತು.

ಇನ್ನು ಆ ಕ್ರಿಯೆಯನ್ನು ಹತ್ತಿರದಿಂದ ನೋಡೋಣ. ರೋಗಿಯನ್ನು ಕಿರಿದಾದ ಮೇಜಿನ ಮೇಲೆ ಅಂಗಾತ ಮಲಗಿಸಿ, ಸಾಮಾನ್ಯವಾಗಿ ಎಡಗಡೆಯಲ್ಲಿ, ಭುಜಕ್ಕೂ ಕೊರಳಿಗೂ ನಡುವೆ ಇರುವ ಕಾಲರ್ ಬೋನಿನ ಕೆಳಗಿನ ಜಾಗವನ್ನು ಔಷಧದಿಂದ ಒರೆಸಿ, ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಸಿರು ಬಟ್ಟೆಯಿಂದ ಮುಚ್ಚುತ್ತಾರೆ. ಕೂದಲೆಳೆಯಷ್ಟು ಸಣ್ಣ ಸೂಜಿಯಿಂದ ಮೊದಲು ಚರ್ಮದ ಮೇಲ್ಪದರದಲ್ಲಿ ಒಂದು ಪುಟ್ಟ ಗುಳ್ಳೆಯೇಳುವಷ್ಟು ಲಿಗ್ನೊಕೇನನ್ನು ತುಂಬುತ್ತಾರೆ. ಆ ಕ್ಷಣದಲ್ಲಿ ಉರಿಯುತ್ತದೆ, ಇದನ್ನು ಮರೆಮಾಚತಕ್ಕದ್ದಲ್ಲ. ಔಷಧವು ಕೆಡದಂತೆ ಅದನ್ನು ಆಮ್ಲೀಯವಾಗಿ ತಯಾರಿಸಿರುವುದೇ ಉರಿಗೆ ಕಾರಣ; ಸ್ವಲ್ಪ ಸೋಡಾ ಬೈಕಾರ್ಬನೇಟನ್ನು ಬೆರೆಸಿದರೆ, ಔಷಧವನ್ನು ಮೈಯ ಶಾಖಕ್ಕೆ ತಂದುಕೊಂಡರೆ, ಎಲ್ಲಕ್ಕಿಂತ ಮಿಗಿಲಾಗಿ ನಿಧಾನವಾಗಿ ಒತ್ತಿದರೆ, ಉರಿಯು ಬಹಳ ಮಟ್ಟಿಗೆ ತಗ್ಗುವುದು. ಅನಂತರ, ಮರಗಟ್ಟಿದ ಜಾಗದಿಂದಲೇ ಸೂಜಿಯನ್ನು ಮುಂದೆ ಮುಂದೆ ಸರಿಸುತ್ತ, ಚರ್ಮದ ಕೆಳಗಿನ ಕೊಬ್ಬಿಗೆ, ಅದರ ಕೆಳಗೆ ಎದೆಯ ಸ್ನಾಯುವನ್ನು ಹೊದ್ದಿರುವ ಪೊರೆಗೆ ಔಷಧವನ್ನು ಇಳಿಸುತ್ತಾರೆ. ಇಲ್ಲಿಯೇ ಅವಸರದವರು ಎಡವುವುದು. ಮೇಲಿನ ಚರ್ಮದ ನರಗಳು ಕೊರಳಿನಿಂದ ಇಳಿದು ಬಂದವು. ಆಳದ ಸ್ನಾಯುವಿನ ನರಗಳು ಬೇರೆ. ಚರ್ಮವು ಮರಗಟ್ಟಿತೆಂದ ಮಾತ್ರಕ್ಕೆ ಆಳವೂ ಮರಗಟ್ಟಿತೆಂದು ತಿಳಿಯಲಾಗದು. ಯಂತ್ರವನ್ನು ಇಡಲು ಬೆರಳಿನಿಂದ ಬಿಡಿಸಿ ಚೀಲದಂತೆ ಜಾಗ ಮಾಡುವಾಗ ನೋಯುವುದು ಆ ಆಳವೇ.

ಔಷಧವು ಮಾಡುವ ಕೆಲಸವಿಷ್ಟೇ: ನರತಂತುವಿನ ಹೊದಿಕೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ಸೂಕ್ಷ್ಮ ದ್ವಾರಗಳಿವೆ, ಕಣಗಳು ನುಗ್ಗಿದರೆ ನೋವಿನ ಸುದ್ದಿಯು ಮುಂದಕ್ಕೆ ಸಾಗುತ್ತದೆ; ಲಿಗ್ನೊಕೇನ್ ನರದೊಳಕ್ಕೆ ಇಳಿದು ಆ ದ್ವಾರಗಳನ್ನು ಒಳಗಿನಿಂದ ಮುಚ್ಚುತ್ತದೆ. ಇಳಿಯುವುದಕ್ಕೆ ಎರಡರಿಂದ ಐದು ನಿಮಿಷ ಬೇಕು. ನೋವಿನ ತಂತುಗಳು ತೆಳುವಾದುದರಿಂದ ಮೊದಲು ಸುಮ್ಮನಾಗುತ್ತವೆ. ಒತ್ತಡವನ್ನು ತಿಳಿಸುವ ದಪ್ಪ ತಂತುಗಳು ಬಹಳ ಹೊತ್ತು ಎಚ್ಚರವಾಗಿರುತ್ತವೆ. ಆದುದರಿಂದಲೇ ಒತ್ತಿದ್ದು ಎಳೆದದ್ದು ರೋಗಿಗೆ ತಿಳಿಯುತ್ತದೆ, ಕೊಯ್ದದ್ದು ತಿಳಿಯುವುದಿಲ್ಲ. ಇದನ್ನು ಮುಂಚಿತವಾಗಿ ಹೇಳಿರದಿದ್ದರೆ, ಒತ್ತಡವನ್ನೇ ನೋವಿನ ಮುನ್ಸೂಚನೆಯೆಂದು ಭಾವಿಸಿ ಮುದುಕರು ಹೆದರುತ್ತಾರೆ.

ಈ ಔಷಧಕ್ಕೆ ಇನ್ನೊಂದು ಮುಖವುಂಟು. ಅದೇ ಸೋಡಿಯಂ ದ್ವಾರಗಳು ಹೃದಯದ ತಂತುಗಳಲ್ಲಿಯೂ ಇವೆ. ಹೃದಯದ ಕೆಳಕೋಣೆಗಳು ಅಡ್ಡಾದಿಡ್ಡಿಯಾಗಿ ಓಡುವಾಗ ಇದೇ ಲಿಗ್ನೊಕೇನನ್ನು ರಕ್ತನಾಳಕ್ಕೆ ಕೊಟ್ಟು ಅವುಗಳನ್ನು ಹತೋಟಿಗೆ ತರುವುದುಂಟು. ನಾನು ನೆನಪಿನಲ್ಲಿಡಬೇಕೆಂದು ಹೇಳಿದ ಆಪತ್ಕಾಲದ ಬಡಿತವನ್ನು ಈಗ ಸ್ಮರಿಸಿಕೊಳ್ಳಿ. ಮಾರ್ಗ ಕಡಿದ ರೋಗಿಯು ಬದುಕಿರುವುದೇ ಕೆಳಕೋಣೆಗಳ ಆ ನಿಧಾನವಾದ ಬಡಿತದಿಂದ; ಚರ್ಮಕ್ಕೆ ಹೋಗಬೇಕಾದ ಔಷಧವು ಪ್ರಮಾಣ ಮೀರಿ ರಕ್ತಕ್ಕೆ ಹೋದರೆ, ಅದು ಆ ಕೊನೆಯ ಆಸರೆಯನ್ನೇ ಅಡಗಿಸಬಹುದು. ಅದಕ್ಕಾಗಿಯೇ ಬಲ್ಲ ವೈದ್ಯರು ಪ್ರತಿ ಸಲವೂ ಔಷಧವನ್ನು ಒತ್ತುವ ಮುಂಚೆ ಸಿರಿಂಜನ್ನು ಹಿಂದಕ್ಕೆ ಎಳೆದು, ರಕ್ತ ಬರಲಿಲ್ಲವೆಂಬುದನ್ನು ಕಣ್ಣಾರೆ ನೋಡಿ ಮುಂದುವರಿಯುತ್ತಾರೆ. ತುಂಬ ಅಪಾಯದಲ್ಲಿರುವವರಿಗೆ ಮೊದಲೇ ತಾತ್ಕಾಲಿಕ ತಂತಿಯೊಂದನ್ನು ಇಳಿಸಿರುತ್ತಾರೆ. ಪ್ರಮಾಣವೂ ಹೀಗೆಯೇ ನಿಯತವಾದದ್ದು: ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 4.5 ಮಿಲಿಗ್ರಾಮನ್ನು ಮೀರಕೂಡದು. ನಮ್ಮ ಕಡೆಯ 40 ಕಿಲೋ ತೂಕದ ವೃದ್ಧೆಗೆ ಅದು 180 ಮಿಲಿಗ್ರಾಮ್. ನೂರಕ್ಕೆ ಒಂದರ ದ್ರಾವಣವಾದರೆ 18 ಮಿಲಿಲೀಟರ್, ಎರಡರ ದ್ರಾವಣವಾದರೆ 9 ಮಾತ್ರ. ಆಸ್ಪತ್ರೆಯಲ್ಲಿ ರೋಗಿಯ ತೂಕವನ್ನು ನೋಡುವುದು ಕೇವಲ ಶಾಸ್ತ್ರಕ್ಕೆಂದು ಭಾವಿಸಬೇಡಿ. ತುಟಿಯ ಸುತ್ತ ಜುಮುಗುಟ್ಟುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಔಷಧವು ಹೆಚ್ಚಾಯಿತೆಂಬುದರ ಮೊದಲ ಗುರುತುಗಳು. ಅವನ್ನು ಹೇಳಬಲ್ಲವರು ರೋಗಿಯೊಬ್ಬರೇ, ಮತ್ತು ಅವರು ಎಚ್ಚರವಾಗಿದ್ದರೆ ಮಾತ್ರ.

ಹೇಳುವುದೆಂದಾಗ ನನಗೆ ಒಂದು ಪ್ರಸಂಗ ನೆನಪಾಗುತ್ತದೆ. ಆಯುಷ್ಯವೆಲ್ಲ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ವೃದ್ಧೆಯೊಬ್ಬರು ಮೇಜಿನ ಮೇಲೆ ಮಲಗಿದ್ದರು. ಚರ್ಮವನ್ನು ಕೊಯ್ದಾಗಿತ್ತು, ಆಳದಲ್ಲಿ ಜಾಗ ಮಾಡುವ ಕೆಲಸ ಆರಂಭವಾಗಿತ್ತು. ವೈದ್ಯರು ತುಳುವಿನಲ್ಲಿ “ಬೇನೆ ಆಪುಂಡಾ ಅಮ್ಮಾ?” ಎಂದು ಕೇಳಿದರು. “ಇಜ್ಜಿ” (ಇಲ್ಲ) ಎಂಬ ಉತ್ತರ ಬಟ್ಟೆಯ ಕೆಳಗಿನಿಂದ ಬಂತು. ಆದರೆ ಪಕ್ಕದಲ್ಲಿದ್ದ ನರ್ಸಮ್ಮನವರು ಅವರ ಕೈಯನ್ನು ನೋಡುತ್ತಿದ್ದರು. ಎಲೆ ಕತ್ತರಿಸಿ ಕತ್ತರಿಸಿ ಸವೆದ ಆ ಬೆರಳುಗಳು ಹಾಸುಬಟ್ಟೆಯ ಅಂಚನ್ನು ಮುದುಡಿ ಮುಷ್ಟಿಯೊಳಗೆ ಹಿಡಿದಿದ್ದವು, ಕಾಲಿನ ಹೆಬ್ಬೆರಳು ಬಿಗಿದು ನಿಂತಿತ್ತು. ನರ್ಸಮ್ಮನವರು ಕಣ್ಸನ್ನೆ ಮಾಡಿದರು. ವೈದ್ಯರು ಕೈ ನಿಲ್ಲಿಸಿ, ಆಳಕ್ಕೆ ಇನ್ನಷ್ಟು ಔಷಧವನ್ನು ಬಿಟ್ಟು, ಗೋಡೆಯ ಗಡಿಯಾರವನ್ನು ನೋಡುತ್ತ ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಮುಷ್ಟಿಯು ತಾನಾಗಿ ಸಡಿಲವಾಯಿತು. ನೋವಾಗುತ್ತಿದ್ದಾಗ ಇಲ್ಲವೆಂದು ಏಕೆ ಹೇಳಿದಿರೆಂದು ಅನಂತರ ವಾರ್ಡಿನಲ್ಲಿ ಕೇಳಿದಾಗ, ಡಾಕ್ಟ್ರು ಕೆಲಸ ಮಾಡುವಾಗ ನಾವು ಉಪದ್ರ ಕೊಡಬಾರದಲ್ಲವೇ ಎಂದರು.

ಈ ಉತ್ತರದಲ್ಲಿ ನಮ್ಮ ನಾಡಿನ ಸಂಸ್ಕಾರವೆಲ್ಲ ಇದೆ, ಮತ್ತು ಅದನ್ನು ನಾನು ಗೌರವಿಸುತ್ತೇನೆ. ಆದರೆ ಮೇಜಿನ ಮೇಲೆ ಆ ಸಂಸ್ಕಾರವು ರೋಗಿಗೂ ವೈದ್ಯರಿಗೂ ಅಪಕಾರವನ್ನೇ ಮಾಡುತ್ತದೆ. ನೋವನ್ನು ನುಂಗಿಕೊಂಡಾಗ ರಕ್ತದೊತ್ತಡ ಏರುತ್ತದೆ, ಕೆಲವರಿಗೆ ನಾಡಿಯು ಇನ್ನಷ್ಟು ಕುಸಿಯುತ್ತದೆ, ದೇಹವು ಅಲುಗುತ್ತದೆ. ಸೂಕ್ಷ್ಮವಾದ ತಂತಿಯೊಂದು ಹೃದಯದೊಳಗೆ ಸಾಗುತ್ತಿರುವಾಗ ಇವು ಯಾವುವೂ ಒಳ್ಳೆಯವಲ್ಲ. ಇಲ್ಲಿ ವೈದ್ಯವಿದ್ಯಾರ್ಥಿಗಳು ಕೆಲವರಿದ್ದಾರೆ. ಅವರಿಗೆ ನನ್ನ ವಿಜ್ಞಾಪನೆಯೆಂದರೆ, ರೋಗಿಯ ಮೌನವನ್ನು ಸಮ್ಮತಿಯೆಂದು ಎಣಿಸದೆ ಕೈಬೆರಳುಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ, ಸೂಜಿಯ ಅನಂತರದ ಐದು ನಿಮಿಷವನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಆ ಐದು ನಿಮಿಷ ಕಾಯಲಾರದವನು ಈ ಕೆಲಸಕ್ಕೆ ತಕ್ಕವನಲ್ಲ.

ಹಲ್ಲು ಕೀಳಿಸಿಕೊಂಡವರು ಈ ಸಭೆಯಲ್ಲಿ ಅನೇಕರಿರಬೇಕು. ದವಡೆಗೆ ಕೊಟ್ಟ ಸೂಜಿಯಲ್ಲಿದ್ದುದೂ ಬಹುಮಟ್ಟಿಗೆ ಇದೇ ಲಿಗ್ನೊಕೇನ್. ಆಗ ಎದೆ ಡವಗುಟ್ಟಿತೆಂದು, ತಮಗೆ ಈ ಔಷಧವೇ ಆಗದೆಂದು ಹೇಳುವವರು ಬಹುಮಂದಿ; ಹಲ್ಲಿನ ಔಷಧದಲ್ಲಿ ಬೆರೆಸಿರುವ ಅಡ್ರಿನಲಿನ್ನೇ ಸಾಮಾನ್ಯವಾಗಿ ಅದಕ್ಕೆ ಕಾರಣ, ಲಿಗ್ನೊಕೇನಿಗೆ ನಿಜವಾದ ಅಲರ್ಜಿಯು ಬಹಳ ಅಪರೂಪ. ಆದರೂ ಅಂಥ ಅನುಭವವಿದ್ದರೆ ಬಚ್ಚಿಡದೆ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಬೇಕು. ಪೇಸ್‌ಮೇಕರಿನ ಬ್ಯಾಟರಿಯು ಎಂಟು ಹತ್ತು ವರ್ಷಗಳಲ್ಲಿ ತೀರುವುದರಿಂದ ಅದೇ ಜಾಗವನ್ನು ಮತ್ತೊಮ್ಮೆ ತೆರೆಯಬೇಕಾಗುವುದು. ಹಳೆಯ ಗಾಯದ ಗಟ್ಟಿ ಕಲೆಯಲ್ಲಿ ಔಷಧವು ಸುಲಭವಾಗಿ ಹರಡದಾದುದರಿಂದ, ಎರಡನೆಯ ಸಲಕ್ಕೆ ತಾಳ್ಮೆಯು ಮೊದಲಿಗಿಂತ ಹೆಚ್ಚು ಬೇಕಾಗುವುದು.

ವೆನ್ಲಾಕ್ ಆಸ್ಪತ್ರೆಯು 1848ರಿಂದಲೂ ಫಾದರ್ ಮುಲ್ಲರರ ಆಸ್ಪತ್ರೆಯು 1880ರಿಂದಲೂ ಇರುವ ಮಂಗಳೂರು ನಮಗೆ ದೂರವೇನಲ್ಲ. ನಮ್ಮ ಊರಿನಲ್ಲಿಯೇ ಸಮುದಾಯ ಆರೋಗ್ಯ ಕೇಂದ್ರವಿದೆ. ಮಂಗಳೂರಿನ ಹೃದ್ರೋಗ ತಜ್ಞರಾದ ಡಾ. ಪದ್ಮನಾಭ ಕಾಮತರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ಚಿತ್ರವನ್ನು ಮೊಬೈಲಿನ ಮೂಲಕ ತರಿಸಿಕೊಂಡು ಒಡನೆಯೇ ಸಲಹೆ ಕೊಡುವ ಏರ್ಪಾಡನ್ನು ನಡೆಸಿಕೊಂಡು ಬಂದಿರುವುದು ಈ ಜಿಲ್ಲೆಯ ಭಾಗ್ಯ. ಆದುದರಿಂದ ನಾನು ತಮ್ಮಲ್ಲಿ ಬೇಡಿಕೊಳ್ಳುವುದು ಎರಡೇ. ಕಣ್ಣು ಕತ್ತಲೆ ಬಂದು ಒಮ್ಮೆ ಕುಸಿದು ಕುಳಿತ ಹಿರಿಯರನ್ನು ಎರಡನೆಯ ಸಲಕ್ಕೆ ಕಾಯದೆ ಕರೆದೊಯ್ದು ನಾಡಿಯನ್ನು ನೋಡಿಸಿ, ಇಸಿಜಿ ತೆಗೆಸಿ. ಪೇಸ್‌ಮೇಕರ್ ಇಡಬೇಕೆಂದು ವೈದ್ಯರು ಹೇಳಿದರೆ, ಎದೆಯನ್ನು ತೆರೆಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ, ಮೊದಲು ಸ್ವಲ್ಪ ಉರಿದು ಆಮೇಲೆ ಮರಗಟ್ಟುತ್ತದೆ ಎಂಬುದನ್ನು ಹಿಂದಿನ ದಿನವೇ ಅವರ ಪಕ್ಕದಲ್ಲಿ ಕುಳಿತು ತಿಳಿಸಿ. ನೋವಾದರೆ ತುಳುವಿನಲ್ಲಿಯಾಗಲಿ, ಕನ್ನಡ, ಕೊಂಕಣಿ, ಬ್ಯಾರಿಗಳಲ್ಲಿಯಾಗಲಿ, ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕೆಂದು, ಹಾಗೆ ಹೇಳುವುದು ಡಾಕ್ಟರಿಗೆ ಉಪದ್ರವಲ್ಲ, ಉಪಕಾರವೆಂದು ಅವರನ್ನು ಒಪ್ಪಿಸಿ ಕಳುಹಿಸಿಕೊಡಿ.